ನಿಂಬೆಹಣ್ಣಿನಷ್ಟಿರುವ ಗಂಟು ಇರಲಿ, ಕಡಲೆಕಾಳಿನಷ್ಟಿರುವುದನ್ನು ಮೊದಲು ತೋರಿಸಿ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣುನಾಯಿ ಚಿನ್ನುವಿಗೆ ಈಗ 11 ವರ್ಷ. ತೂಕ 38 ಕೆ.ಜಿ. ಮರಿ ಹಾಕಿಸಿಲ್ಲ, ಸಂತಾನಹರಣ ಆಪರೇಷನ್ನನ್ನೂ ಮಾಡಿಸಿಲ್ಲ. ಹದಿನೈದು ದಿನದ ಹಿಂದೆ ಸ್ನಾನ ಮಾಡಿಸುವಾಗ ಎಡ ಮುಂಗಾಲಿನ ಹಿಂದೆ, ಪಕ್ಕೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಮೆತ್ತಗಿದೆ, ಒತ್ತಿದರೆ ಜಾರುತ್ತದೆ, ನೋವಿದ್ದಂತಿಲ್ಲ. ಊಟ, ಓಡಾಟ ಎಂದಿನಂತೆ. ಇಲ್ಲಿನ ಡಾಕ್ಟರು ಮುಟ್ಟಿ ನೋಡಿ "ಕೊಬ್ಬಿನ ಗಡ್ಡೆ, ವಯಸ್ಸಾಗಿದೆ, ಹಾಗೇ ಬಿಟ್ಟುಬಿಡಿ" ಅಂದರು. ಬೆಂಗಳೂರಿನಲ್ಲಿರುವ ಮಗ "ಕೂಡಲೇ ತೆಗೆಸಿ" ಅನ್ನುತ್ತಾನೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಅಮ್ಮ ಪರೀಕ್ಷೆಗೂ ಬಿಡುತ್ತಿಲ್ಲ, ಸುಣ್ಣ-ಬೆಲ್ಲ ಹಚ್ಚಿ ಅನ್ನುತ್ತಾರೆ. ಏನು ಮಾಡೋಣ? ಹಿಂದಿನ ಮೊಲೆತೊಟ್ಟಿನ ಪಕ್ಕ ಕಡಲೆಕಾಳಿನಷ್ಟು ಇನ್ನೊಂದು ಇದೆ, ಅದು ಮೊದಲಿನಿಂದಲೂ ಇದ್ದಿರಬಹುದು.
(ಓದುಗರು, ಸಾಗರ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಾನೂ ನಿಂಬೆಹಣ್ಣಿನ ಬಗ್ಗೆಯೇ ಯೋಚಿಸುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಕನ್ನಡಕ ಸರಿಮಾಡಿಕೊಂಡೆ. ಮನೆಯವರೆಲ್ಲ ಸೇರಿ ಜಗಳವಾಡುತ್ತಿರುವ ಗಂಟಿಗಿಂತ, ಹೋಗಲಿ ಎಂದು ಕೊನೆಯಲ್ಲಿ ಸೇರಿಸಿದ ಆ ಕಡಲೆಕಾಳು ನನಗೆ ಹೆಚ್ಚು ಚಿಂತೆಯದು. ಅದಕ್ಕೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ವಯಸ್ಸಾದ, ಮೈಬಂದ ಲ್ಯಾಬ್ರಡಾರಿನ ಪಕ್ಕೆಯ ಮೇಲೆ ಮೆತ್ತಗಿನ, ಚರ್ಮದಡಿ ಜಾರುವ, ನೋವಿಲ್ಲದ ಗಂಟು ಎಂದರೆ ಹೆಚ್ಚಿನಪಾಲು ಅದು ಕೊಬ್ಬಿನ ಗಡ್ಡೆಯೇ. ಲಿಪೋಮಾ ಅನ್ನುತ್ತೇವೆ. ಎದೆ, ಹೊಟ್ಟೆ, ಕಂಕುಳು, ತೊಡೆಯ ಮೇಲ್ಭಾಗ ಅದಕ್ಕೆ ಇಷ್ಟದ ಜಾಗಗಳು. ಮಧ್ಯವಯಸ್ಸು ದಾಟಿದ ನಾಯಿಗಳಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ಹೆಣ್ಣುನಾಯಿಗಳಲ್ಲಿ ಸಾಮಾನ್ಯ. ಒಂದಿದ್ದರೆ ಮುಂದೆ ಇನ್ನೆರಡು ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ. ಅದು ಬೇರೆ ಅಂಗಗಳಿಗೆ ಹರಡುವುದಿಲ್ಲ, ಜೀವಕ್ಕೆ ಅಪಾಯವಿಲ್ಲ. ಹಾಗಾಗಿ ನಿಮ್ಮ ಡಾಕ್ಟರು ಹೇಳಿದ್ದು ನಿಜವಿರುವ ಸಾಧ್ಯತೆ ದೊಡ್ಡದು. ನನ್ನ ತಕರಾರು ಒಂದೇ: ಅವರು ಅದನ್ನು ಬೆರಳಿನಿಂದ ತೀರ್ಮಾನಿಸಿದರು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ದಿನಕ್ಕೆ ಹತ್ತಾರು ಹಸು, ಎಮ್ಮೆ, ನಡುವೆ ಒಂದೆರಡು ನಾಯಿ. ಶಾಲಾ ಮೇಷ್ಟ್ರೊಬ್ಬರು ತಮ್ಮ ಲ್ಯಾಬ್ರಡಾರನ್ನು ಕರೆತಂದಿದ್ದರು. ತೊಡೆಯ ಮೇಲೆ ಮೆತ್ತನೆಯ ಗಂಟು. ಒತ್ತಿದೆ, ಜಾರಿತು. "ಕೊಬ್ಬು ಸಾರ್, ಅನ್ನ ಕಡಿಮೆ ಮಾಡಿ" ಎಂದು ನಕ್ಕು ಕಳಿಸಿದೆ. ಅವರು ಹೊರಡುವಾಗ ಒಂದು ಮಾತು ಹೇಳಿದ್ದರು: "ಕೆಲವು ದಿನ ದೊಡ್ಡದಾಗುತ್ತೆ, ಕೆಲವು ದಿನ ಚಿಕ್ಕದಾಗುತ್ತೆ ಡಾಕ್ಟ್ರೇ." ಆ ಮಾತೇ ರೋಗದ ಹೆಸರನ್ನು ಹೇಳುತ್ತಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ತಿಂಗಳ ಮೇಲೆ ಬಂದಾಗ ಗಂಟು ಒಡೆದಿತ್ತು, ತೊಡೆಸಂದಿನ ದುಗ್ಧಗ್ರಂಥಿ (ಮೊಲೆಯದ್ದಲ್ಲ, ಲಿಂಫ್ ನೋಡ್) ಹುಣಿಸೆಬೀಜದಂತೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಅದು ಮಾಸ್ಟ್ ಸೆಲ್ ಗಡ್ಡೆ, ನಾಯಿಯ ಚರ್ಮದಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲೊಂದು.

ಮಾಸ್ಟ್ ಸೆಲ್ ಎಂಬುದು ಅಲರ್ಜಿಗೆ ಕಾರಣವಾಗುವ ಕೋಶ. ಅದರ ಹೊಟ್ಟೆಯ ತುಂಬ ಹಿಸ್ಟಮಿನ್, ಹೆಪರಿನ್‌ನಂಥ ರಾಸಾಯನಿಕಗಳ ಕಣಗಳು. ಗಂಟನ್ನು ಉಜ್ಜಿದರೆ, ಹಿಚುಕಿದರೆ ಅವು ಹೊರಚೆಲ್ಲಿ ಸುತ್ತಲೂ ಕೆಂಪಾಗಿ ಊದಿಕೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ಅಲರ್ಜಿ ಮಾತ್ರೆ ಕೊಟ್ಟರೂ ಊತ ಇಳಿಯುತ್ತದೆ, ಮನೆಯವರು ವಾಸಿಯಾಯಿತೆಂದು ಸಮಾಧಾನಪಡುತ್ತಾರೆ. ಅದೇ ಹಿಸ್ಟಮಿನ್ ರಕ್ತಕ್ಕೆ ಸೇರಿ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುವುದರಿಂದ ಕೆಲವು ನಾಯಿಗಳು ವಾಂತಿ ಮಾಡುತ್ತವೆ, ಡಾಂಬರಿನಂತೆ ಕಪ್ಪು ಮಲ ಹಾಕುತ್ತವೆ. ಚರ್ಮದ ಮೇಲಿನ ಗಂಟಿಗೂ ಹೊಟ್ಟೆಯ ಹುಣ್ಣಿಗೂ ನಂಟಿದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಬಾಕ್ಸರ್, ಪಗ್ ಜಾತಿಗಳಲ್ಲಿ ಇದು ಹೆಚ್ಚು, ಲ್ಯಾಬ್ರಡಾರಿಗೂ ಅಪರೂಪವೇನಲ್ಲ. ಚರ್ಮದ ಕೆಳಗೆ ಬೆಳೆದರೆ ಥೇಟ್ ಕೊಬ್ಬಿನ ಗಡ್ಡೆಯಂತೆಯೇ ಮೆತ್ತಗೆ ಜಾರುತ್ತದೆ. ಮೂವತ್ತು ವರ್ಷದ ಅನುಭವಿಯ ಬೆರಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೂಜಿಗೆ ಗೊತ್ತಾಗುತ್ತದೆ. ಲಸಿಕೆ ಹಾಕುವಷ್ಟೇ ಸಣ್ಣ ಸೂಜಿ, 22 ಅಥವಾ 23 ಗೇಜಿನದು. ಅರಿವಳಿಕೆ ಬೇಡ. ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿ ಚುಚ್ಚಿ ಒಳಗೆ ನಾಲ್ಕಾರು ಸಲ ಆಡಿಸಿ, ಒಳಗೆ ಸಿಕ್ಕಿದ್ದನ್ನು ಗಾಜಿನ ಸ್ಲೈಡಿನ ಮೇಲೆ ಊದಿ ಹರಡುತ್ತೇವೆ. ಎಫ್‌ಎನ್‌ಎಸಿ ಎಂದರೆ ಇಷ್ಟೇ. ಕೊಬ್ಬಾದರೆ ಸ್ಲೈಡು ನೋಡಿದೊಡನೆ ಅರ್ಧ ಉತ್ತರ ಸಿಗುತ್ತದೆ: ಎಣ್ಣೆಹನಿಯಂತೆ ಮಿನುಗುತ್ತದೆ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಮಾಸ್ಟ್ ಸೆಲ್ ಆದರೆ ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಡಿ ನೇರಳೆ ಸಾಸಿವೆ ಚೆಲ್ಲಿದಂತೆ ಕಣಗಳು ಕಾಣುತ್ತವೆ. ಲೀಶ್ಮನ್ ಅಥವಾ ಜಿಮ್ಸಾ ಬಣ್ಣ ಸಾಕು, ರಕ್ತ ಪರೀಕ್ಷೆ ಮಾಡುವ ಯಾವ ಲ್ಯಾಬಿನಲ್ಲೂ ಇರುವಂಥದ್ದು. ಓದಬಲ್ಲ ಕಣ್ಣು ಬೇಕು ಅಷ್ಟೆ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ, ಅಲ್ಲಿಗೆ ಕರೆದುಕೊಂಡು ಹೋಗಿ. ಚಿನ್ನುವನ್ನು ಅಷ್ಟು ದೂರ ಕಾರಿನಲ್ಲಿ ಒಯ್ಯುವುದು ಕಷ್ಟವಾದರೆ ಸಾಗರದಲ್ಲೇ ಸ್ಲೈಡು ತೆಗೆಸಿ, ಗಾಳಿಗೆ ಒಣಗಿಸಿ ಕಳಿಸಬಹುದು. ಒಂದು ಎಚ್ಚರಿಕೆ: ಸ್ಲೈಡನ್ನು ಫಾರ್ಮಲಿನ್ ಬಾಟಲಿಯ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು. ಫಾರ್ಮಲಿನ್ನಿನ ಆವಿ ತಾಗಿದರೂ ಕೋಶಗಳು ಬಣ್ಣ ಹಿಡಿಯುವುದಿಲ್ಲ, ಚುಚ್ಚಿಸಿಕೊಂಡದ್ದು ದಂಡ.

ಅಮ್ಮನ ಭಯದ ಬಗ್ಗೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಅದು ಹುಟ್ಟಿದ್ದಕ್ಕೆ ಕಾರಣವಿದೆ. ಹಿಂದೆ ಮನುಷ್ಯರೂ ಆಸ್ಪತ್ರೆಗೆ ಹೋಗುತ್ತಿದ್ದದ್ದು ಗಡ್ಡೆ ತೆಂಗಿನಕಾಯಿಯಷ್ಟಾದ ಮೇಲೆ. ಕೊಯ್ದು ನೋಡಿದರೆ ಆಗಲೇ ಎಲ್ಲೆಡೆ ಹರಡಿರುತ್ತಿತ್ತು, ಕೆಲವೇ ತಿಂಗಳಲ್ಲಿ ಸಾವು. ಹೊರಗಿನಿಂದ ನೋಡಿದವರಿಗೆ "ಕತ್ತಿ ತಾಗಿತು, ಹರಡಿತು" ಎಂದು ಕಂಡದ್ದು ಸಹಜ. ಮೂತ್ರಕೋಶದಂಥ ಒಳಗಿನ ಕೆಲವು ಗಡ್ಡೆಗಳಿಗೆ ಸೂಜಿ ಹಾಕುವಾಗ ನಾವೂ ಹಿಂದೆಮುಂದೆ ನೋಡುತ್ತೇವೆ, ಅಲ್ಲಿ ಸೂಜಿಯ ದಾರಿಯಲ್ಲಿ ಕೋಶಗಳು ಬಿದ್ದು ಬೆಳೆದದ್ದುಂಟು. ಚರ್ಮದ ಗಂಟಿಗೆ ಆ ಅಂಜಿಕೆ ಬೇಡ. ಮಾಸ್ಟ್ ಸೆಲ್ ಇದ್ದರೆ ಚುಚ್ಚಿದ ಜಾಗ ಸ್ವಲ್ಪ ಊದಬಹುದು, ರಕ್ತ ಜಿನುಗಬಹುದು. ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಸುಣ್ಣ-ಬೆಲ್ಲ ಮಾತ್ರ ಬೇಡ. ಕುರುವನ್ನು ಹಣ್ಣು ಮಾಡಲು ನಮ್ಮ ಮನೆಗಳಲ್ಲಿ ಹಚ್ಚುತ್ತಿದ್ದದ್ದು ಅದು, ಇದು ಕುರುವಲ್ಲ. ಹಚ್ಚಿದರೆ ಚರ್ಮ ಸುಡುತ್ತದೆ, ಬೆಲ್ಲದ ರುಚಿಗೆ ನಾಯಿ ನೆಕ್ಕಿ ಬಾಯಿಯನ್ನೂ ಸುಟ್ಟುಕೊಳ್ಳುತ್ತದೆ, ಒಡೆದ ಚರ್ಮದ ಮೇಲೆ ನೊಣ ಕೂತು ಹುಳ ಬೀಳುತ್ತದೆ.

ಸುಣ್ಣಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರುವುದು ಇನ್ನೊಂದರ ಬಗ್ಗೆ. "ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿ ನೋಡೋಣ, ಕರಗಬಹುದು" ಎಂದು ಯಾರಾದರೂ ಹೇಳಿದರೆ ಸ್ಲೈಡು ತೆಗೆಯುವವರೆಗೆ ಒಪ್ಪಬೇಡಿ. ಮಾಸ್ಟ್ ಸೆಲ್ ಗಡ್ಡೆ, ದುಗ್ಧಗ್ರಂಥಿಯ ಕ್ಯಾನ್ಸರ್ ಎರಡೂ ಸ್ಟೆರಾಯ್ಡಿಗೆ ತಾತ್ಕಾಲಿಕವಾಗಿ ಕುಗ್ಗುತ್ತವೆ. ಆಗ ಪರೀಕ್ಷೆಯೂ ದಾರಿ ತಪ್ಪುತ್ತದೆ, ಮುಂದಿನ ಚಿಕಿತ್ಸೆಯೂ ಕೆಡುತ್ತದೆ. ಮೆಡಿಕಲ್ ಶಾಪಿನಿಂದ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ಕೊಡುವುದೂ ಬೇಡ. ನಮಗೆ ಒಗ್ಗುವ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆ, ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ.

ಸ್ಲೈಡಿನಲ್ಲಿ ಕೊಬ್ಬು ಎಂದು ಬಂತು ಅಂದುಕೊಳ್ಳಿ. ಆಗ ನಿಮ್ಮ ಡಾಕ್ಟರ ಮಾತಿಗೆ ನನ್ನದೂ ಸಹಿ: ಹಾಗೇ ಬಿಡಿ. ಜ್ಯಾಮಿಟ್ರಿ ಬಾಕ್ಸಿನ ಸ್ಕೇಲು ಪಕ್ಕದಲ್ಲಿಟ್ಟು ಒಂದು ಫೋಟೊ ತೆಗೆದು, ತಾರೀಖು ಬರೆದಿಡಿ, ತಿಂಗಳಿಗೊಮ್ಮೆ ಅಳೆಯಿರಿ. ಕಂಕುಳಿಗೆ ಇಳಿದು ನಡಿಗೆಗೆ ಅಡ್ಡಬಂದರೆ, ಸ್ನಾಯುಗಳ ನಡುವೆ ಬೇರುಬಿಟ್ಟು ಅಲುಗದಂತಾದರೆ, ಇದ್ದಕ್ಕಿದ್ದಂತೆ ಬೇಗ ಬೆಳೆದರೆ ಮತ್ತೆ ಯೋಚಿಸೋಣ. ತೂಕ ಇಳಿಸಿದರೆ ಗಂಟು ಕರಗುತ್ತದೆಂಬ ಭರವಸೆ ಕೊಡಲಾರೆ, ಸಾಮಾನ್ಯವಾಗಿ ಕರಗುವುದಿಲ್ಲ. ಆದರೂ ಇಳಿಸಿ. ಹೆಣ್ಣು ಲ್ಯಾಬ್ರಡಾರಿಗೆ 30ರ ಆಸುಪಾಸು ಸಾಕು, ಆ ಎಂಟು ಕೆ.ಜಿ.ಯನ್ನು ಹೊರುತ್ತಿರುವುದು 11 ವರ್ಷದ ಮಂಡಿಗಳು. ಚಹಾ ಹೊತ್ತಿನ ಬಿಸ್ಕತ್ತು ನಿಲ್ಲಿಸಿ ಎಂದು ಹೇಳುತ್ತಾ ಇಷ್ಟು ವರ್ಷ ಕಳೆದಿದ್ದೇನೆ, ನಿಲ್ಲಿಸಿದ ಮನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಇನ್ನು ಕಡಲೆಕಾಳು.

ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳು, ಎದೆಯಿಂದ ತೊಡೆಸಂದಿನವರೆಗೆ ಎರಡು ಸಾಲು. ಗಡ್ಡೆ ಹೆಚ್ಚಾಗಿ ಬರುವುದು ಹಿಂದಿನ ಎರಡು ಜೊತೆಗಳಲ್ಲಿ, ಅಲ್ಲಿ ಗ್ರಂಥಿ ಹೆಚ್ಚು ದಪ್ಪ. ಸಂತಾನಹರಣ ಆಗದ, ಹತ್ತು ದಾಟಿದ ಹೆಣ್ಣುನಾಯಿಯ ಹಿಂದಿನ ತೊಟ್ಟಿನ ಪಕ್ಕ ಗಟ್ಟಿ ಕಾಳು ಸಿಕ್ಕಿದರೆ ಅದನ್ನು ಮೊಲೆಯ ಗಡ್ಡೆ ಎಂದೇ ಹಿಡಿದು ಮುಂದುವರಿಯಬೇಕು. ಇಂಥ ಗಡ್ಡೆಗಳಲ್ಲಿ ಸುಮಾರು ಅರ್ಧ ನಿರಪಾಯ, ಅರ್ಧ ಕ್ಯಾನ್ಸರ್. ಹೆದರಿಸಲು ಹೇಳುತ್ತಿಲ್ಲ. ಗಾತ್ರ 3 ಸೆಂ.ಮೀ. ದಾಟುವ ಮೊದಲೇ ತೆಗೆದರೆ, ಅದು ಕ್ಯಾನ್ಸರೇ ಆಗಿದ್ದರೂ, ನಾಯಿ ಚೆನ್ನಾಗಿ ಬಾಳುವ ಸಂಭವ ಬಹಳ ಹೆಚ್ಚು. ನಿಮ್ಮದು ಒಂದು ಸೆಂಟಿಮೀಟರಿನ ಒಳಗೇ ಇದೆ. ನಿರಪಾಯವಾಗಿದ್ದದ್ದೂ ಬೆಳೆಯುತ್ತಾ ಕೆಟ್ಟದಕ್ಕೆ ತಿರುಗುವುದುಂಟು. ಆದ್ದರಿಂದ "ದೊಡ್ಡದಾದರೆ ನೋಡೋಣ" ಎಂಬ ಮಾತು ಕೊಬ್ಬಿನ ಗಡ್ಡೆಗೆ ಸರಿ, ಇದಕ್ಕೆ ಸಲ್ಲ. ಅದು "ಮೊದಲಿನಿಂದಲೂ ಇದ್ದಿರಬಹುದು" ಅಂದಿರಿ. ಇದ್ದಿರಬಹುದು, ಆದರೆ ನೀವು ಅಳೆದಿರಲಿಲ್ಲ.

ಇಲ್ಲಿ ಸೂಜಿ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಒಂದೇ ಮೊಲೆಯ ಗಡ್ಡೆಯಲ್ಲಿ ಒಂದು ಭಾಗ ಸಾಧುವಾಗಿ, ಇನ್ನೊಂದು ಭಾಗ ಕೆಟ್ಟದಾಗಿ ಇರಬಹುದು, ಸೂಜಿ ಯಾವ ಭಾಗಕ್ಕೆ ಹೋಯಿತೆಂದು ಹೇಳಲಾಗದು. ಚುಚ್ಚುವುದರಿಂದ ಅದು ಮೊಲೆಯದ್ದೋ, ಬೇರೇನೋ ಎಂದು ತಿಳಿಯುತ್ತದೆ. ಒಳ್ಳೆಯದೋ ಕೆಟ್ಟದೋ ಎಂಬ ಅಂತಿಮ ತೀರ್ಪು, ಇಡೀ ಗಂಟನ್ನು ತೆಗೆದು ಬಯಾಪ್ಸಿಗೆ ಕಳಿಸಿದ ಮೇಲೆಯೇ. ಹತ್ತೂ ಮೊಲೆಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹೊಸಕಿ ನೋಡಿ. ಇನ್ನೊಂದು ಕಾಳು ಸಿಕ್ಕರೆ ಅದನ್ನೂ ಬರೆದುಕೊಳ್ಳಿ, ಎರಡು ಗಂಟುಗಳು ಎರಡು ಬೇರೆ ಜಾತಿಯವಾಗಿರಬಹುದು. ಮೊಲೆಗಳ ಸಾಲೇ ಕೆಂಪಾಗಿ, ಬಿಸಿಯಾಗಿ, ಹಲಗೆಯಂತೆ ಗಟ್ಟಿಯಾಗಿ ಮುಟ್ಟಿದರೆ ಕಿರುಚುವಂತಿದ್ದರೆ ಮಾತ್ರ ಲೆಕ್ಕ ಬೇರೆ, ಅದನ್ನು ಕೊಯ್ಯಲು ಹೋಗಬಾರದು. ನಿಮ್ಮ ವಿವರಣೆಯಲ್ಲಿ ಅಂಥದ್ದೇನೂ ಇಲ್ಲ.

ಸಣ್ಣ ವಯಸ್ಸಿನಲ್ಲೇ ಸಂತಾನಹರಣ ಆಪರೇಷನ್ ಮಾಡಿಸಿದ್ದರೆ ಎಂದು ಈಗ ನಿಮಗೆ ಅನ್ನಿಸುತ್ತಿರಬಹುದು. 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಹೀಗಿದೆ: ಆಪರೇಷನ್ ಆಗದ ನಾಯಿಗಿರುವ ಮೊಲೆಯ ಕ್ಯಾನ್ಸರಿನ ಅಪಾಯಕ್ಕೆ ಹೋಲಿಸಿದರೆ, ಮೊದಲ ಬೆದೆಗೆ ಮುನ್ನವೇ ಮಾಡಿಸಿದರೆ ಶೇ 0.5, ಒಂದು ಬೆದೆಯ ನಂತರ ಶೇ 8, ಎರಡರ ನಂತರ ಶೇ 26. ಈ ಅಂಕಿಗಳು ಎಷ್ಟು ಗಟ್ಟಿ ಎಂದು ಮುಂದೆ ಬೇರೆಯವರು ಪ್ರಶ್ನಿಸಿದ್ದಾರೆ. ನಿಮ್ಮ ಮನೆಗೆ ಮುಂದೆ ಮರಿ ಬಂದರೆ ಇದು ಉಪಯೋಗಕ್ಕೆ ಬಂದೀತು. ಚಿನ್ನುವಿನ ಮಟ್ಟಿಗೆ ಈಗ ಗರ್ಭಕೋಶ ತೆಗೆಸುವುದರಿಂದ ಮೊಲೆಯ ಕಾಯಿಲೆಗೆ ಎಷ್ಟು ಲಾಭವೆಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಆದರೂ ಅರಿವಳಿಕೆ ಕೊಟ್ಟ ಮೇಲೆ, ರಕ್ತದ ವರದಿ ಚೆನ್ನಾಗಿದ್ದರೆ, ನಾನಾದರೆ ಅದನ್ನೂ ಮಾಡಿಬಿಡುತ್ತೇನೆ. ಈ ವಯಸ್ಸಿನ ಹೆಣ್ಣುನಾಯಿಗಳು ಗರ್ಭಕೋಶದಲ್ಲಿ ಕೀವು ತುಂಬಿಕೊಂಡು ನಡುರಾತ್ರಿ ಬರುವುದನ್ನು ಸಾಕಷ್ಟು ನೋಡಿದ್ದೇನೆ.

"ಹನ್ನೊಂದು ವರ್ಷಕ್ಕೆ ಅರಿವಳಿಕೆ ತಡೆದೀತೇ?" ಹೃದಯ, ಮೂತ್ರಪಿಂಡ, ಪಿತ್ತಜನಕಾಂಗ ಸರಿಯಿದ್ದರೆ ತಡೆಯುತ್ತದೆ. ಅದಕ್ಕೇ ಮುಂಚೆ ರಕ್ತ ಪರೀಕ್ಷೆ, ಸಾಧ್ಯವಾದರೆ ಇಸಿಜಿ. ಜೊತೆಗೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಲು ಎದೆಯ ಎಕ್ಸ್-ರೇ, ಅದೂ ಎಡಮಗ್ಗುಲು, ಬಲಮಗ್ಗುಲು, ಬೆನ್ನಡಿ ಹೀಗೆ ಮೂರು ಕೋನದಲ್ಲಿ. ಒಂದೇ ತೆಗೆದರೆ ಶ್ವಾಸಕೋಶದ ಸಣ್ಣ ಚುಕ್ಕೆ ಹೃದಯದ ನೆರಳಿನಲ್ಲಿ ಅಡಗಿರಬಹುದು. ಮಲೆನಾಡಿನ ನಾಯಿಗೆ ನಾನು ತಪ್ಪದೆ ನೋಡುವುದು ಪ್ಲೇಟ್‌ಲೆಟ್ ಎಣಿಕೆ. ನಿಮ್ಮ ಕಡೆ ಉಣ್ಣೆ ಎಂದೊಡನೆ ಮಂಗನ ಕಾಯಿಲೆ ನೆನಪಾಗುತ್ತದೆ, ನಾಯಿಯ ಉಣ್ಣೆಜ್ವರ ಅದಲ್ಲ. ಎರ್ಲಿಕಿಯಾ ಎಂಬ ಸೂಕ್ಷ್ಮಾಣು ನಾಯಿಯ ಕಂದು ಉಣ್ಣೆಯಿಂದ ಬಂದು ತಿಂಗಳುಗಟ್ಟಲೆ ಸದ್ದಿಲ್ಲದೆ ರಕ್ತದಲ್ಲಿ ಕೂರುತ್ತದೆ. ನಾಯಿ ತಿಂದುಂಡು ಆಡಿಕೊಂಡೇ ಇರುತ್ತದೆ, ಪ್ಲೇಟ್‌ಲೆಟ್ ಮಾತ್ರ ತಳಕ್ಕಿಳಿದಿರುತ್ತದೆ. ಗೊತ್ತಿಲ್ಲದೆ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಸಿಕ್ಕಿಬಿದ್ದರೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟು, ಎಣಿಕೆ ಮೇಲೆ ಬಂದ ಮೇಲೆ ಆಪರೇಷನ್. ಇದೇ ಉಣ್ಣೆಜ್ವರದಲ್ಲಿ ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ದುಗ್ಧಗ್ರಂಥಿಗಳೂ ಊದುತ್ತವೆ. ಅಲ್ಲಿ ಎರಡೂ ಬದಿ ಸಮನಾಗಿ ಗಂಟು ಸಿಕ್ಕರೆ ಕ್ಯಾನ್ಸರೂ ಇರಬಹುದು, ಬರೀ ಉಣ್ಣೆಜ್ವರವೂ ಇರಬಹುದು. ಅಲ್ಲೂ ಸೂಜಿಯೇ ಹೇಳಬೇಕು.

ತೆಗೆದ ಗಂಟನ್ನು ಬಕೆಟ್ಟಿಗೆ ಹಾಕಲು ಬಿಡಬೇಡಿ. ಮುಜುಗರವಾದರೂ ಮುಂಚೆಯೇ ಕೇಳಿ: "ಡಾಕ್ಟ್ರೇ, ಬಯಾಪ್ಸಿಗೆ ಕಳಿಸ್ತೀರಲ್ಲ?" ಶೇ 10ರ ಫಾರ್ಮಲಿನ್, ಗಂಟಿನ ಹತ್ತು ಪಟ್ಟು, ಅಗಲಬಾಯಿಯ ಡಬ್ಬಿ. ವರದಿಯಲ್ಲಿ ಗಡ್ಡೆಯ ಹೆಸರಿನಷ್ಟೇ ಮುಖ್ಯವಾದದ್ದು ಅಂಚು: ಸುತ್ತಲಿನ ಆರೋಗ್ಯವಂತ ಭಾಗದವರೆಗೆ ಕೊಯ್ದಿದ್ದಾರೋ, ಕೋಶಗಳು ಅಂಚಿನಲ್ಲೇ ಉಳಿದಿವೆಯೋ ಎಂಬುದು. ಪಕ್ಕೆಯ ಗಂಟು ಅಕಸ್ಮಾತ್ ಮಾಸ್ಟ್ ಸೆಲ್ ಎಂದು ಬಂದರೆ ಇದು ಇನ್ನೂ ಮುಖ್ಯ. ಅದಕ್ಕೆ ಸುತ್ತ ಸುಮಾರು 2 ಸೆಂ.ಮೀ. ಹೆಚ್ಚುವರಿ ಚರ್ಮ, ಕೆಳಗೆ ಒಂದು ಪದರ ಸೇರಿಸಿ ತೆಗೆಯಬೇಕು. ಕೊಬ್ಬಿನ ಗಡ್ಡೆಯೆಂದುಕೊಂಡು ಬಟಾಣಿ ಸುಲಿದಂತೆ ಈಚೆ ತೆಗೆದರೆ ಬೇರು ಅಲ್ಲೇ ಉಳಿಯುತ್ತದೆ. ನಿಮ್ಮ ಮಗನಿಗೆ ಇದನ್ನು ಹೇಳಿ: ಏನೆಂದು ತಿಳಿಯುವ ಮೊದಲು ತೆಗೆಸಲು ಅವಸರಪಟ್ಟರೆ ಎರಡು ಸಲ ಕೊಯ್ಯಬೇಕಾಗುತ್ತದೆ.

ಎಕ್ಸ್-ರೇಯಲ್ಲಿ ಶ್ವಾಸಕೋಶದ ತುಂಬ ಚುಕ್ಕೆಗಳು ಕಂಡರೆ ನಾನು ಆಪರೇಷನ್ ಬೇಡ ಎನ್ನುತ್ತೇನೆ. ನೋವಿಗೆ ಸರಿಯಾದ ಔಷಧ, ಇಷ್ಟದ ಊಟ, ಮನೆಯ ಜಗಲಿ. ಬಿಸ್ಕತ್ತಿನ ಮಾತನ್ನೂ ಆಗ ಎತ್ತುವುದಿಲ್ಲ. ಆದರೆ ಒಂದು ಸೆಂಟಿಮೀಟರಿನ ಕಾಳಿಗೆ ಆ ದಿನ ಬರುವುದು ಕಡಿಮೆ.

ಮನೆಯಲ್ಲಿ ಗಾಬರಿ ಬೇಡದ ಒಂದು ವಿಷಯ. ಗಂಟು ಹುಡುಕಲು ಶುರುಮಾಡಿದವರು ಪಕ್ಕೆಲುಬಿನ ತುದಿ, ಎದೆಮೂಳೆಯ ಚೂಪು ಕೊನೆ ಎಲ್ಲವನ್ನೂ ಗಂಟೆಂದು ತೋರಿಸುತ್ತಾರೆ. ಗಂಡುನಾಯಿಯ ಮೊಲೆತೊಟ್ಟನ್ನು ಉಣ್ಣೆಯೆಂದು ಚಿಮಟದಲ್ಲಿ ಎಳೆದು ಗಾಯಮಾಡಿ ತಂದವರೂ ಇದ್ದಾರೆ. ಇನ್ನೊಂದು ಬದಿಯಲ್ಲಿ ಅದೇ ಜಾಗದಲ್ಲಿ ಅಂಥದ್ದೇ ಇದೆಯೇ ನೋಡಿ. ಇದ್ದರೆ, ಮೇಲೆ ಹೇಳಿದ ದುಗ್ಧಗ್ರಂಥಿಗಳ ಜಾಗ ಅಲ್ಲದಿದ್ದರೆ, ಬಹುಪಾಲು ಅದು ದೇವರು ಕೊಟ್ಟದ್ದು. ರೇಬಿಸ್ ಲಸಿಕೆ ಹಾಕಿಸಿದ ಜಾಗದಲ್ಲಿ ಕೆಲವು ವಾರ ಸಣ್ಣ ಗಂಟು ನಿಲ್ಲುವುದೂ ಉಂಟು. ಇವು ಬಿಟ್ಟು ಬೇರಾವುದೇ ಗಂಟು ಒಂದು ತಿಂಗಳಾದರೂ ಹೋಗದಿದ್ದರೆ, ಅಥವಾ ಒಂದು ಸೆಂ.ಮೀ. ದಾಟಿದರೆ, ಸೂಜಿ ಪರೀಕ್ಷೆ ಮಾಡಿಸಿ.

ಈ ವಾರವೇ ಹೊರಡಿ. ಎರಡೂ ಗಂಟಿಗೆ ಸೂಜಿ, ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ ಒಂದೇ ದಿನದಲ್ಲಿ ಮುಗಿಯುತ್ತವೆ. ಕಡಲೆಕಾಳು ತೆಗೆಸಲು ದಿನ ಗೊತ್ತಾದರೆ ಹಿಂದಿನ ರಾತ್ರಿಯ ಊಟ ಬೇಗ ಮುಗಿಸಿ, ಬೆಳಗ್ಗೆ ಹೊಟ್ಟೆ ಖಾಲಿ ಇರಲಿ. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದೆಂದು ಅಲ್ಲಿನ ಡಾಕ್ಟರನ್ನೇ ಕೇಳಿ. ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಹೋದರೆ ಗಂಟಿಗಿಂತ ದೊಡ್ಡ ಅಪಾಯ. ಬೆಳಗಿನ ಚಹಾದ ಹೊತ್ತಿಗೆ ಚಿನ್ನು ಬಾಲ ಅಲ್ಲಾಡಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತರೆ, "ಪಾಪ, ಒಂದೇ ಒಂದು" ಎಂದು ಬಿಸ್ಕತ್ತು ಕೊಡುವವರು ಯಾರೆಂದು ನಿಮಗೇ ಗೊತ್ತು. ಅಮ್ಮನಿಗೆ ರಾತ್ರಿಯೇ ಹೇಳಿಡಿ, ಸಾಧ್ಯವಾದರೆ ಡಬ್ಬಿಯನ್ನೂ ಎತ್ತಿಡಿ.